ಕಟ್ಟಿನ ಹಿಂದಿನವಳು

ನವೆಂಬರ್ 6, ಸೋಮವಾರ

ಬಿ.ಪಿ. ಬೆಳಿಗ್ಗೆ 160/100. ಸಂಜೆ ನೋಡಲಿಲ್ಲ. ನೋಡಿದ್ದರೆ ಮಿಷನ್ನೇ ಸಿಡಿದುಹೋಗುತ್ತಿತ್ತು.

ದಿನಾ ಎರಡು ಹೊತ್ತು ಬರೆದಿಡಿ ಎಂದು ಡಾಕ್ಟರು ಹೇಳಿದ್ದಕ್ಕೆ ತಂದ ಪುಸ್ತಕ ಇದು. ದಿನಕ್ಕೊಂದು ಪುಟ. ಎರಡು ಅಂಕಿ ಗೀಚಿ ಉಳಿದದ್ದನ್ನು ಬಿಳಿಯಾಗಿ ಬಿಡುವುದು ನನ್ನಿಂದಾಗದು. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು. ಕೊಂಬು ದೀರ್ಘ ತಪ್ಪಿದರೆ ತಪ್ಪಲಿ, ಓದುವವರು ಯಾರೂ ಇಲ್ಲ. ಯಾರಾದರೂ ಓದಿದರೆ ಕಪಾಳಕ್ಕೆ ಬೀಳುತ್ತದೆ.

ನನ್ನದು ಫೋಟೋಗಳಿಗೆ ಗಾಜು ಕೂರಿಸಿ ಕಟ್ಟು ಹಾಕುವ ಅಂಗಡಿ. ಮೊಮ್ಮಗಳು ಸ್ಕೂಲು ಬಿಟ್ಟ ಮೇಲೆ ನೇರ ಇಲ್ಲಿಗೇ ಬರುತ್ತಾಳೆ. ಮಗಳು ಔಷಧಿ ಅಂಗಡಿಯ ಕೆಲಸ ಮುಗಿಸಿ ಬಂದು ಕರೆದುಕೊಂಡು ಹೋಗುವವರೆಗೆ ನನ್ನ ತಲೆ ತಿನ್ನುವುದು ಇವಳ ಕೆಲಸ. ಹತ್ತು ವರ್ಷ. ನಾನು ಮೊಂಡಿ ಎಂದು ಕರೆಯುತ್ತೇನೆ, ಅದಕ್ಕೆ ತಕ್ಕ ಹಾಗೇ ಇದ್ದಾಳೆ.

ಇವತ್ತು ಚೀಲದಿಂದ ಟವೆಲ್ಲಿನಲ್ಲಿ ಸುತ್ತಿದ ಫೋಟೋ ತೆಗೆದಳು. ಮನೆಯ ಹಾಲಿನಲ್ಲಿ ತೂಗಿಹಾಕಿದ್ದ ಅವಳದೇ ಫೋಟೋ, ಒಂದು ವರ್ಷದವಳಿದ್ದಾಗಿನದು. ಬೆಳಿಗ್ಗೆ ಚೆಂಡು ತಗುಲಿ ಗಾಜು ಸೀಳುಬಿಟ್ಟಿತಂತೆ. "ಅಮ್ಮ ನೋಡೋದ್ರೊಳಗೆ ಹೊಸ ಗಾಜು ಹಾಕ್ಕೊಡು ತಾತ" ಎಂದಳು. ಇಟ್ಟು ಹೋಗು, ನಾಳೆ ನೋಡೋಣ ಎಂದು ನಾನು ಎದುರುಗಡೆ ಬೀಗ ರಿಪೇರಿ ಅಂಗಡಿಯವನ ಜೊತೆ ಚಹಾ ಕುಡಿಯಲು ಹೋದೆ.

ಬಂದು ನೋಡುತ್ತೇನೆ, ಮೊಂಡಿ ಸ್ಟೂಲಿನ ಮೇಲೆ ಕೂತು ಇಕ್ಕಳದಿಂದ ಮೊಳೆಗಳನ್ನೆಲ್ಲ ಕಿತ್ತು ಡಬ್ಬಿ ಮುಚ್ಚಳದಲ್ಲಿ ಸಾಲಾಗಿ ಇಟ್ಟಿದ್ದಾಳೆ. ನಾನೇ ಕಲಿಸಿದ್ದು. ಮೇಜಿನ ಮೇಲೆ ಎರಡು ಫೋಟೋ, ಪಕ್ಕ ಪಕ್ಕ.

"ತಾತ, ನನ್ನ ಹಿಂದೆ ಇನ್ನೊಂದು ಪಾಪು ಇತ್ತು."

ಟವೆಲ್ಲು ಎತ್ತಿ ಅದರ ಮೇಲೆ ಹಾಕಲು ಹೋದೆ.

ಅವಳು ಆ ಫೋಟೋ ತಿರುಗಿಸಿ ತೋರಿಸಿದಳು. ಹಿಂದೆ ನನ್ನ ಕೈಬರಹ. ಹೆಸರು, ತಾರೀಖು. "ನನ್ನ ಹೆಸರೇ ಬರ್ದಿದೆ. ಆದ್ರೆ ತಾರೀಖು ನಾನು ಹುಟ್ಟೋಕೆ ಎರಡು ವರ್ಷ ಮುಂಚಿಂದು. ಯಾರಿದು?"

"ಯಾವುದೋ ಗಿರಾಕಿದು" ಎಂದೆ. "ಕಟ್ಟು ಹಾಕೋಕೆ ಕೊಟ್ಟು ಹೋದ್ರು, ಆಮೇಲೆ ಬರಲೇ ಇಲ್ಲ. ರಟ್ಟಿನ ಬದಲು ಅದನ್ನೇ ಹಿಂದೆ ಕೊಟ್ಟಿದ್ದೆ."

"ನನ್ನ ಹೆಸರೇ ಯಾಕೆ?"

"ಊರಲ್ಲಿ ಆ ಹೆಸರಿನೋರು ನೂರು ಜನ ಇದ್ದಾರೆ. ನೀನೇನು ಗುತ್ತಿಗೆ ಹಿಡಿದಿದ್ದೀಯಾ?"

ನಂಬಿದಳು. ನನ್ನ ಸುಳ್ಳನ್ನು ಅಷ್ಟು ಸಲೀಸಾಗಿ ನಂಬುವವರು ಈ ಭೂಮಿಯ ಮೇಲೆ ಇವಳೊಬ್ಬಳೇ.

ನವೆಂಬರ್ 7, ಮಂಗಳವಾರ

ಬಿ.ಪಿ. 164/100. 158/96.

ಬರೆಯಬಾರದು ಎಂದುಕೊಂಡಿದ್ದೆ. ಎದೆಯೊಳಗೆ ಇಟ್ಟುಕೊಂಡರೆ ಅಂಕಿ ಇಳಿಯುವುದಿಲ್ಲ. ಬರೆದು ಮುಗಿಸುತ್ತೇನೆ.

ಮಗಳಿಗೆ ಹನ್ನೆರಡು ವರ್ಷದ ಹಿಂದೆ ಹೆಣ್ಣು ಮಗು ಆಯಿತು. ಒಂಬತ್ತು ದಿನ ಇತ್ತು. ಆರನೇ ದಿನ ಫೋಟೋ ತೆಗೆಸಿದೆವು, ಹತ್ತನೇ ದಿನ ನಾನು ಅದಕ್ಕೆ ಕಟ್ಟು ಹಾಕಿದೆ. ಮಗಳು ಆ ಫೋಟೋ ಕಂಡರೆ ಊಟ ಬಿಡುತ್ತಿದ್ದಳು. ಎತ್ತಿಟ್ಟೆ. ಮುಂದೆ ಮಕ್ಕಳಾಗುವುದಿಲ್ಲ ಎಂದರು. ಮೂರು ವರ್ಷ ಕಾದು, ಗಂಡ ಹೆಂಡತಿ ಇಬ್ಬರೂ ಅನಾಥ ಮಕ್ಕಳ ಆಶ್ರಮಕ್ಕೆ ಅರ್ಜಿ ಹಾಕಿ ಹನ್ನೊಂದು ತಿಂಗಳ ಒಂದು ಮಗುವನ್ನು ತಂದರು. ಅದೇ ಈ ಮೊಂಡಿ. ಹೋದ ಮಗುವಿನ ಹೆಸರನ್ನೇ ಇದಕ್ಕೂ ಇಡಿ ಎಂದವನು ನಾನು. ಹಟ ಹಿಡಿದೆ. ಆಮೇಲೆ ಯಾರೂ ಏನೂ ಕೇಳದಿರಲಿ ಎಂದು ಆ ಊರನ್ನೇ ಬಿಟ್ಟು ಇಲ್ಲಿಗೆ ಬಂದೆವು. ಇಲ್ಲಿ ಯಾರಿಗೂ ಗೊತ್ತಿಲ್ಲ. ಇವಳಿಗೂ ಗೊತ್ತಿಲ್ಲ.

ಇವಳ ಮೊದಲ ಫೋಟೋ ಬಂದಾಗ ಅದೇ ಅಳತೆಯ ಕಟ್ಟು ಕೈಗೆ ಸಿಕ್ಕಿತು. ಒಳಗಿನದನ್ನು ತೆಗೆಯಲು ಕೈ ಬರಲಿಲ್ಲ. ಮೇಲೆ ಇವಳದನ್ನು ಕೂರಿಸಿ ಮೊಳೆ ಹೊಡೆದೆ. ನಮ್ಮ ಕೆಲಸದಲ್ಲಿ ಇದು ರೂಢಿ, ಹಳೆಯದು ಹಿಂದೆ ಇದ್ದರೆ ಹೊಸದು ಬಿಗಿಯಾಗಿ ಕೂರುತ್ತದೆ. ಆ ಹಳೇ ಫೋಟೋ ಎಲ್ಲಿ ಎಂದು ಮಗಳು ಆಮೇಲೆ ಕೇಳಿದ್ದಳು, ಒಂದು ಸಲವಲ್ಲ. ಮನೆ ಬದಲಾಯಿಸುವಾಗ ಕಳೆದುಹೋಯಿತು ಎಂದೆ.

ಒಂಬತ್ತು ವರ್ಷ ಹಾಲಿನಲ್ಲೇ ಇತ್ತು. ಮಗಳು ದಿನಾ ಅದರ ಮುಂದೆಯೇ ಓಡಾಡಿದ್ದಾಳೆ.

ನವೆಂಬರ್ 9, ಗುರುವಾರ

ಬಿ.ಪಿ. 170/104. ಇದಕ್ಕೆ ಅಳಿಯನೇ ಕಾರಣ.

ಅಳಿಯ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಇಂಜಿನ್ನಿನ ಜೊತೆ ಮಾತಾಡಿ ಮಾತಾಡಿ ಮನುಷ್ಯರ ಜೊತೆಯೂ ಮೆತ್ತಗೇ ಮಾತಾಡುವುದು ಅಭ್ಯಾಸ. ಮೊಂಡಿ ಪಾಠ ಹೇಳಿಸಿಕೊಳ್ಳಲು ಹೋದಾಗ ನನ್ನ ಮುಂದೆ ಬಂದು ಕೂತರು.

"ಮಾವ, ಅವಳಿಗೆ ಹತ್ತು ತುಂಬ್ತು. ಹೇಳಿಬಿಡೋಣ. ನಾವಿಬ್ರೂ ಆಸ್ಪತ್ರೇಲಿ ಸಲಹೆ ಕೊಡೋ ಮೇಡಮ್ಮನ್ನ ನೋಡಿ ಬಂದ್ವಿ. ಈಗಲೇ ತಡ ಆಗಿದೆ ಅಂದ್ರು. ನಾಲ್ಕು ವರ್ಷದಲ್ಲೇ ಕಥೆ ಥರ ಹೇಳಬೇಕಿತ್ತಂತೆ."

"ಆ ಮೇಡಮ್ಮು ನಮ್ಮ ಮನೇಲಿ ಬಂದು ಇರ್ತಾರಾ? ಆಮೇಲೆ ಅಳೋದು ಕೇಳೋಕೆ?"

"ಬೇರೆ ಯಾರ ಬಾಯಿಂದಲೋ ಕೇಳೋ ಬದಲು ನಮ್ಮ ಬಾಯಿಂದ ಕೇಳಲಿ ಮಾವ."

"ಯಾರು ಬಾಯಿ ಬಿಡ್ತಾರೋ ಅವರ ಕಾಲು ಮುರೀತೀನಿ."

ಮಗಳು ಬಟ್ಟೆ ಮಡಿಸುತ್ತಾ ಕೂತಿದ್ದಳು. "ಬಾಯಿ ಬಿಟ್ಟಿದ್ದಕ್ಕೆ ಕಾಲು ಯಾಕಪ್ಪ ಮುರೀತೀಯ?" ಎಂದಳು. ಅಳಿಯ ನಕ್ಕರು. ನಾನು ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದೆ. ಎಡ ಬಲ ಅದಲು ಬದಲಾಗಿತ್ತು, ಬೀದಿ ತುದಿಯವರೆಗೂ ಗೊತ್ತಾಗಲಿಲ್ಲ.

ಹೇಳಬಾರದು. ಹೇಳಿದರೆ ಅವಳು ಪ್ರಶ್ನೆ ಕೇಳುತ್ತಾಳೆ. ಒಂದು ಪ್ರಶ್ನೆಗೆ ನಿಲ್ಲುವವಳಲ್ಲ.

ನವೆಂಬರ್ 11, ಶನಿವಾರ

ಬಿ.ಪಿ. 160/98.

ಇವಳ ಫೋಟೋಗೆ ಹೊಸ ಗಾಜು, ಹೊಸ ರಟ್ಟು ಹಾಕಿ ಮನೆಗೆ ಕಳಿಸಿದ್ದಾಯಿತು. ಹಿಂದಿನದು ಅಂಗಡಿಯಲ್ಲೇ ಉಳಿಯಿತು. ಎಲ್ಲಿ ಇಡಬೇಕೋ ತಿಳಿಯುವುದಿಲ್ಲ. ಕಪಾಟಿನಲ್ಲಿ ಇಟ್ಟೆ, ಮಧ್ಯಾಹ್ನದ ಹೊತ್ತಿಗೆ ಮೇಜಿನ ಮೇಲಿತ್ತು. ಮೊಂಡಿ ತೆಗೆದಿದ್ದಾಳೆ, ಬೇರೇನೂ ಅಲ್ಲ. ದೆವ್ವ ಗಿವ್ವ ಎಲ್ಲ ನಾನು ನಂಬುವವನಲ್ಲ. ನನ್ನ ಅಂಗಡಿಗೆ ಬರುವ ಮುಖಗಳಲ್ಲಿ ಅರ್ಧಕ್ಕರ್ಧ ಸತ್ತವರವು. ಅವರ ಮೂಗಿನ ಮೇಲಿನ ಧೂಳು ಒರೆಸಿ, ಗಾಜು ಹೊದಿಸಿ ಕಳಿಸುತ್ತೇನೆ. ಯಾರೂ ಇದುವರೆಗೆ ತಕರಾರು ಮಾಡಿಲ್ಲ.

ಇದರ ಕಣ್ಣು ಮಾತ್ರ ಸರಿಯಿಲ್ಲ. ಆರು ದಿನದ ಮಗು ಯಾರನ್ನೂ ನೋಡುವುದಿಲ್ಲ ಎನ್ನುತ್ತಾರೆ. ಇದು ನೋಡುತ್ತದೆ. ನಾನು ಗಾಜು ಕತ್ತರಿಸಲು ಬಗ್ಗಿದರೆ ಗಾಜಿನಲ್ಲಿ ನನ್ನ ಮುಖದ ಪಕ್ಕ ಅದರ ಮುಖ ಬೀಳುತ್ತದೆ. ಎರಡು ಗಾಜು ಹಾಳಾದವು.

ಮೊಂಡಿ ಅದನ್ನು ಗೋಂದಿನ ಡಬ್ಬಿಗೆ ಒರಗಿಸಿ ನಿಲ್ಲಿಸಿ ಸ್ಕೂಲಿನ ಸುದ್ದಿಯೆಲ್ಲ ಹೇಳುತ್ತಾಳೆ. ಯಾರು ಯಾರ ಪೆನ್ಸಿಲ್ ಕದ್ದರು, ಯಾರಿಗೆ ಏಟು ಬಿತ್ತು.

"ತಾತ, ಇವಳು ಈಗ ಎಷ್ಟು ದೊಡ್ಡೋಳಾಗಿರ್ತಾಳೆ?"

"ಹನ್ನೆರಡು" ಎಂದೆ. ಯೋಚನೆಯೇ ಮಾಡದೆ ಬಾಯಿಂದ ಬಂತು. ಎಷ್ಟು ತಿಂಗಳು ಎಂದು ಕೇಳಿದ್ದರೆ ಅದನ್ನೂ ಹೇಳುತ್ತಿದ್ದೆ.

ನವೆಂಬರ್ 13, ಸೋಮವಾರ

ಬಿ.ಪಿ. 166/100.

ಬೆಳಿಗ್ಗೆ ಮಗಳು ಅಡುಗೆಮನೆಯಿಂದ ಹೆಸರು ಹಿಡಿದು ಕೂಗಿದಳು. ಮೊಂಡಿ ಬಚ್ಚಲುಮನೆಯಿಂದ ಓಡಿಬಂದಳು. ಹಾಲಿನಲ್ಲಿ ಕೂತಿದ್ದ ನನಗೆ ಕೇಳಿಸಿದ್ದು ಒಬ್ಬಳ ಹೆಜ್ಜೆಯಲ್ಲ.

ಕಿವಿಯ ಡಾಕ್ಟರನ್ನೂ ನೋಡಬೇಕು.

ನವೆಂಬರ್ 14, ಮಂಗಳವಾರ

ಮಧ್ಯಾಹ್ನ ಗಾಜಿನ ಗೋಡೌನಿಗೆ ಹೋಗಿದ್ದೆ. ಬರುವಾಗ ಬೀಗದವನು ಅವನ ಅಂಗಡಿಯಿಂದಲೇ ಕೂಗಿದ.

"ಏನ್ರೀ ಯಜಮಾನ್ರೇ, ಮಕ್ಕಳನ್ನೂ ಮಾರೋಕೆ ಇಟ್ಟಿದ್ದೀರಾ?"

ತಿರುಗಿ ನೋಡಿದೆ. ನನ್ನ ಅಂಗಡಿಯ ಮುಂದಿನ ಗಾಜಿನೊಳಗೆ, ಮಾದರಿಗೆ ಇಟ್ಟ ಕಟ್ಟುಗಳ ನಡುವೆ, ಆ ಫೋಟೋ. ಅದರ ಕೆಳಗೆ ಒಂದು ಹಾಳೆ. ಬಣ್ಣದ ಪೆನ್ಸಿಲಿನಲ್ಲಿ ಹೂವಿನ ಅಂಚು ಬರೆದು, ಮಧ್ಯೆ ದುಂಡಗಿನ ಅಕ್ಷರ. 'ಈ ಪಾಪು ನಿಮ್ಮದೇ? ಬಹಳ ವರ್ಷದಿಂದ ನಮ್ಮ ಹತ್ತಿರ ಇದೆ. ದಯವಿಟ್ಟು ಬಂದು ಕರೆದುಕೊಂಡು ಹೋಗಿ.' ಅದರ ಕೆಳಗೆ ಹೆಸರು. ಅವಳದೇ ಹೆಸರು.

ಗಾಜಿನ ಮುಂದೆ ಮಗಳು ನಿಂತಿದ್ದಳು. ಇವತ್ತೇ ಬೇಗ ಬಿಟ್ಟಿದ್ದಾರೆ ಕೆಲಸದಿಂದ. ಬೆನ್ನು ನನ್ನ ಕಡೆಗಿತ್ತು. ಒಂದು ಕೈ ಗಾಜಿನ ಮೇಲೆ ಚಾಚಿ ಇಟ್ಟಿದ್ದಳು. ಜ್ವರ ನೋಡುವಾಗ ಹಾಗೆ ಇಡುತ್ತಾರೆ.

"ಕಳೆದುಹೋಯ್ತು ಅಂದಿದ್ದೆಯಲ್ಲಪ್ಪ" ಎಂದಳು. ತಿರುಗಲಿಲ್ಲ. ನಾನು ಬಂದದ್ದು ಗಾಜಿನಲ್ಲಿ ಕಂಡಿರಬೇಕು.

ಮೊಂಡಿ ಒಳಗಿಂದ ಓಡಿಬಂದಳು, ಮುಖ ಅರಳಿಸಿಕೊಂಡು. "ಅಮ್ಮಾ! ಇವರ ಮನೆಯವರು ನಿಂಗೆ ಗೊತ್ತಾ?"

"ಗೊತ್ತು."

"ಯಾರು?"

"ನಾನೇ."

ಮೊಂಡಿ ನಕ್ಕಳು. "ಅದು ನಾನಲ್ಲಮ್ಮ, ಸರಿಯಾಗಿ ನೋಡು. ಕಿವಿ ನೋಡು. ಬೇರೆ ಪಾಪು."

ಬೀಗದವನು ಅವನ ಅಂಗಡಿಯೊಳಗೆ ಹೋಗಿಬಿಟ್ಟ. ಒಂಬತ್ತು ವರ್ಷದಲ್ಲಿ ಒಂದು ದಿನವೂ ಬಾಯಿ ಮುಚ್ಚದವನು ಇವತ್ತು ಮುಚ್ಚಿದ.

ನವೆಂಬರ್ 15, ಬುಧವಾರ

ನಿನ್ನೆ ಸಂಜೆಯೇ ಹೇಳಿದರು. ನಾನು ತಡೆಯಲಿಲ್ಲ, ತಡೆಯಲು ಉಳಿದದ್ದಾದರೂ ಏನು?

ಅಳಿಯ ಬಾಯಿಪಾಠ ಮಾಡಿಕೊಂಡಿದ್ದರು ಅನ್ನಿಸುತ್ತದೆ. "ಮಗಳೇ, ಕೆಲವು ಮಕ್ಕಳು ಅಮ್ಮನ ಹೊಟ್ಟೆಯಿಂದ ಬರ್ತಾರೆ, ಕೆಲವು ಮಕ್ಕಳನ್ನ ಅಮ್ಮ ಅಪ್ಪ ಹುಡುಕ್ಕೊಂಡು ಹೋಗಿ ತರ್ತಾರೆ" ಎಂದು ಶುರು ಮಾಡಿದರು. ಅಲ್ಲಿಗೆ ಪಾಠ ಮರೆತುಹೋಯಿತು. ಗ್ರೀಸು ಹತ್ತಿದ ಕೈಯನ್ನು ತೊಡೆಗೆ ಒರೆಸುತ್ತಾ ಕೂತರು. ಉಳಿದದ್ದನ್ನು ಮಗಳು ಹೇಳಿದಳು. ಫೋಟೋ ಅವಳ ಮಡಿಲಲ್ಲೇ ಇತ್ತು.

ಮೊಂಡಿ ಅಳಲಿಲ್ಲ. ಅದೇ ನನಗೆ ಹೆದರಿಕೆ.

"ಹಾಗಾದ್ರೆ ನಾನು ಯಾರ ಹೊಟ್ಟೇಲಿದ್ದೆ?"

"ಗೊತ್ತಿಲ್ಲ ಕಂದ. ನಮಗೆ ಹೇಳಲಿಲ್ಲ."

"ಅವರು ನನ್ನ ಅಲ್ಲಿ ಕೊಟ್ಟು ಹೋದ್ರಾ?"

"ಹೂಂ. ಇಟ್ಕೊಳ್ಳೋಕೆ ಅವರಿಗೆ ಆಗಲಿಲ್ಲ."

"ಆಮೇಲೆ ಬರಲೇ ಇಲ್ವಾ?" ಎಂದು ಕೇಳಿ ನನ್ನ ಕಡೆ ತಿರುಗಿದಳು. "ಗಿರಾಕಿ ಥರ?"

ನನ್ನ ಸುಳ್ಳು. ನನ್ನ ಬಾಯಿಂದ ಬಿದ್ದದ್ದು ಅವಳ ಬಾಯಿಗೆ ಹೋಗಿ ಕೂತಿದೆ. ಉಗುಳು ಎಂದರೆ ಈಗ ಹೇಗೆ ಉಗುಳುತ್ತಾಳೆ?

ಆಮೇಲೆ ಅವಳು ಎದ್ದು ಗೋಡೆಯ ಮೇಲಿನ ತನ್ನ ಫೋಟೋ ನೋಡುತ್ತಾ ನಿಂತಳು. "ಅವಳು ಒಳಗೆ, ನಾನು ಮೇಲೆ" ಎಂದಳು. "ಅದೇ ಹೆಸರು. ಅದೇ ಸೈಜು."

ನಾನು ಸುಮ್ಮನಿರಬೇಕಿತ್ತು. "ಹೇಳಬೇಡಿ ಅಂತ ಬಡ್ಕೊಂಡೆ, ಕೇಳಿದ್ರಾ? ನೋಡಿ ಈಗ" ಎಂದೆ.

ಮಗಳು ಎದ್ದು ನಿಂತಳು. ಅವಳು ನನಗೆ ಎದುರು ಮಾತಾಡಿದವಳಲ್ಲ. "ಆ ಹೆಸರು ಇಡಿಸಿದ್ದು ನೀನು. ಫೋಟೋ ಬಚ್ಚಿಟ್ಟಿದ್ದು ನೀನು. ಅವತ್ತು ಆಶ್ರಮದ ಗೇಟಿನ ಹತ್ರ ನೀನು ಅಂದ ಮಾತಿದೆಯಲ್ಲಪ್ಪ, ಒಂಬತ್ತು ವರ್ಷ ನುಂಗ್ಕೊಂಡಿದ್ದೀನಿ. ಇನ್ನು ನೀನು ಸುಮ್ನಿರು."

ಮೊಂಡಿ ನನ್ನನ್ನು ನೋಡಿದಳು, ಅವಳಮ್ಮನನ್ನು ನೋಡಿದಳು.

ಯಾವ ಮಾತು ಎಂದು ಇಲ್ಲಿ ಬರೆಯುವುದಿಲ್ಲ.

ನವೆಂಬರ್ 18, ಶನಿವಾರ

ಮೊಂಡಿ ಮೂರು ದಿನದಿಂದ ಅಂಗಡಿಗೆ ಬಂದಿಲ್ಲ. ಪಕ್ಕದ ಮನೆಯಲ್ಲಿ ಕೂರುತ್ತಾಳಂತೆ.

ಸ್ಕೂಲಿನಿಂದ ಟೀಚರು ಫೋನು ಮಾಡಿದ್ದರು. ಹಾಜರಿ ಕರೆದರೆ ಉತ್ತರ ಕೊಡುತ್ತಿಲ್ಲ. ಕೇಳಿದ್ದಕ್ಕೆ, "ಅದು ಬೇರೆಯವರ ಹೆಸರು ಮಿಸ್" ಎಂದಳಂತೆ. ಮನೆಯಲ್ಲೂ ಅಷ್ಟೇ. ಮಗಳು ಕರೆಯುತ್ತಾಳೆ, ಯಾರೂ ಬರುವುದಿಲ್ಲ. ಮತ್ತೆ ಕರೆಯುತ್ತಾಳೆ. ಆ ಹೆಸರು ಮನೆಯೆಲ್ಲ ತಿರುಗಿ, ಯಾರಿಗೂ ಬೇಡವಾಗಿ, ನನ್ನ ಹತ್ತಿರ ಬಂದು ನಿಲ್ಲುತ್ತದೆ.

ಅಂಗಡಿಯಲ್ಲಿ ಗೋಡೆಗೆ ಒರಗಿಸಿದ್ದ ಫೋಟೋಗಳನ್ನೆಲ್ಲ ಇವತ್ತು ಹಿಂದುಮುಂದು ಮಾಡಿ ಇಟ್ಟೆ. ಎಲ್ಲರ ಬೆನ್ನೂ ನನ್ನ ಕಡೆ. ಆದರೂ ನೋಡುತ್ತಿದ್ದಾರೆ ಅನ್ನಿಸುತ್ತದೆ.

ನವೆಂಬರ್ 19, ಭಾನುವಾರ

ಏನೂ ಇಲ್ಲ.

ನವೆಂಬರ್ 22, ಬುಧವಾರ

ಸಂಜೆ ಬಂದಳು. ಒಳಗೆ ಬರಲಿಲ್ಲ, ಮೆಟ್ಟಿಲ ಮೇಲೆ ನಿಂತಳು.

"ನೀನು ಯಾವತ್ತೂ ನನ್ನ ಹೆಸರು ಹಿಡಿದು ಕರೆದೇ ಇಲ್ಲ" ಎಂದಳು. "ಯೋಚನೆ ಮಾಡಿ ನೋಡ್ದೆ. ಒಂದು ಸಲಾನೂ ಇಲ್ಲ."

"ಮೊಂಡಿ ಅಂತೀನಲ್ಲ."

"ಅದು ಬೈಗುಳ."

ಇವಳು ಹೇಳುವವರೆಗೆ ನನಗೇ ಗೊತ್ತಿರಲಿಲ್ಲ. ನಾನೇ ಹಟ ಹಿಡಿದು ಇಡಿಸಿದ ಹೆಸರು. ಇಟ್ಟ ದಿನದಿಂದ ನನ್ನ ನಾಲಿಗೆಗೆ ಅದು ಹತ್ತಿಲ್ಲ.

"ಗೇಟಿನ ಹತ್ರ ಏನಂದೆ?"

"ಏನೂ ಇಲ್ಲ."

"ಅಮ್ಮ ನಿನ್ನೇ ಕೇಳು ಅಂದ್ರು. ಏನಂದೆ?"

"ಹೋಗೇ ಮನೆಗೆ!" ಎಂದು ಕಿರುಚಿದೆ. ಬೀದಿಗೆಲ್ಲ ಕೇಳಿಸಿತು. ಅವಳು ಕದಲಲಿಲ್ಲ. ಒಂದು ನಿಮಿಷ ನಿಂತಿದ್ದು, ಚೀಲ ಸರಿಮಾಡಿಕೊಂಡು ಹೋದಳು. ಬೀಗದವನು ಬಂದು ನನ್ನ ಮುಂದೆ ಒಂದು ಲೋಟ ನೀರು ಇಟ್ಟ.

"ಕುಡೀರಿ. ನಿಮ್ಮ ಗಂಟಲಿಗೆ ನನ್ನ ಹತ್ರಾನೂ ಕೀಲಿ ಇಲ್ಲ" ಎಂದ. ಬೇರೆ ದಿನ ಆಗಿದ್ದರೆ ಲೋಟವನ್ನು ಅವನ ತಲೆಗೇ ಎಸೆಯುತ್ತಿದ್ದೆ.

ಬರೆಯುತ್ತೇನೆ. ಬರೆದರೆ ಹೇಳಿದಷ್ಟಲ್ಲ.

ಅವತ್ತು ಅವರಿಬ್ಬರ ಜೊತೆ ನಾನೂ ಹೋಗಿದ್ದೆ. ಒಳಗೆ ಹೋಗಲಿಲ್ಲ. ಯಾರದೋ ಮಗುವನ್ನು ತರಲು ನಾನು ಬರುವುದಿಲ್ಲ ಎಂದು ಗೇಟಿನ ಹೊರಗೆ ಎರಡು ಗಂಟೆ ನಿಂತೆ. ಆದರೆ ನಿಂತಷ್ಟು ಹೊತ್ತೂ ತಲೆಯಲ್ಲಿ ಒಂದೇ. ಒಳಗಿಂದ ನಮ್ಮ ಮಗು ಬರುತ್ತದೆ. ಮೂರು ವರ್ಷ ಎಲ್ಲೋ ತಪ್ಪಿಸಿಕೊಂಡಿತ್ತು, ಇಲ್ಲಿ ಬಂದು ಸೇರಿತ್ತು, ಈಗ ಹೊರಗೆ ಬರುತ್ತದೆ. ಹುಚ್ಚು. ಬಾಗಿಲು ತೆರೆಯಿತು. ಮಗಳು ಶಾಲಿನಲ್ಲಿ ಸುತ್ತಿಕೊಂಡು ತಂದಳು, ನನ್ನ ಮುಂದೆ ಹಿಡಿದು ಮುಖ ತೋರಿಸಿದಳು. ಕಪ್ಪಗೆ, ಸಣಕಲಾಗಿ, ನನ್ನನ್ನೇ ನೋಡುತ್ತಿತ್ತು.

'ಇದಲ್ಲ' ಎಂದೆ.

ಅಷ್ಟೇ. ಒಂದು ಮಾತು. ಮಗಳು ಶಾಲು ಮುಚ್ಚಿದಳು.

ನವೆಂಬರ್ 25, ಶನಿವಾರ

ಹೇಳಿದೆ.

ಮೇಲೆ ಬಟ್ಟೆ ಒಣಹಾಕುವಲ್ಲಿ ಒಬ್ಬಳೇ ಕೂತಿದ್ದಳು. ಹೋಗಿ ಪಕ್ಕದಲ್ಲಿ ಕೂತೆ. ಮೊಣಕಾಲು ಬಗ್ಗಲಿಲ್ಲ, ಅರ್ಧ ದಾರಿಯಲ್ಲಿ ಧೊಪ್ಪನೆ ಬಿದ್ದ ಹಾಗೆ ಕೂತೆ. ಅವಳು ನಗಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದೆ. ಗೇಟು, ಎರಡು ಗಂಟೆ, ಶಾಲು, ಮಾತು. ಹೇಳುವಾಗ ಎದುರಿನ ಹಗ್ಗದಲ್ಲಿ ಅಳಿಯನ ಪ್ಯಾಂಟು ಗಾಳಿಗೆ ಒದೆಯುತ್ತಿತ್ತು, ಅದನ್ನೇ ನೋಡುತ್ತಿದ್ದೆ.

"ಎಷ್ಟು ದಿನ ಹಾಗೇ ಅನ್ನಿಸ್ತಿತ್ತು?" ಎಂದಳು.

ಸುಳ್ಳು ಹೇಳಬಹುದಿತ್ತು. ಒಂದೇ ದಿನ ಎನ್ನಬಹುದಿತ್ತು. ನಂಬುತ್ತಿದ್ದಳು.

"ಬಹಳ ದಿನ" ಎಂದೆ. "ಒಂದು ವರ್ಷ ನಿನ್ನ ಎತ್ಕೊಂಡೇ ಇಲ್ಲ. ನಿಂಗೆ ಎರಡು ವರ್ಷ ಆದಾಗ ಒಂದು ದಿನ ಅಂಗಡೀಲಿ ಒಂದು ಮೊಳೆ ಬಾಯಿಗೆ ಹಾಕ್ಕೊಂಡೆ. ನಾನು ಬೆರಳು ಹಾಕಿ ತೆಗೆದೆ. ಕಚ್ಚಿದೆ ನೀನು. ರಕ್ತ ಬರೋ ಹಾಗೆ. ಅವತ್ತಿಂದ..." ಆ ಬೆರಳು ಚಾಚಿ ತೋರಿಸಿದೆ. "ಅವತ್ತಿಂದ ಮೊಂಡಿ" ಎಂದೆ.

ಬೆರಳು ಹಿಡಿದು ತಿರುಗಿಸಿ ಕಚ್ಚಿದ ಗುರುತು ಹುಡುಕಿದಳು.

"ಅವಳು ಸಾಯದೇ ಇದ್ದಿದ್ರೆ ನಾನು ಅಲ್ಲೇ ಇರ್ತಿದ್ದೆ" ಎಂದಳು. ಪ್ರಶ್ನೆಯಲ್ಲ.

"ಹೂಂ" ಎಂದೆ.

"ಅವಳು ನನಗೆ ಅಕ್ಕ ಆಗ್ತಾಳಾ ತಾತ, ಅಥವಾ ಏನೂ ಆಗಲ್ವಾ?"

ಯಾರು ಉತ್ತರ ಹೇಳಬೇಕು ಇದಕ್ಕೆಲ್ಲ? ಆ ಮೇಡಮ್ಮನ್ನೇ ಕರೆಸಬೇಕು. "ನೀನು ಏನು ಅಂತೀಯೋ ಅದು" ಎಂದೆ.

"ಆ ಗೇಟು ಇನ್ನೂ ಇದೆಯಾ?"

"ಇರಬಹುದು."

"ತೋರಿಸು."

ನವೆಂಬರ್ 28, ಮಂಗಳವಾರ

ದೊಡ್ಡವಳ ಫೋಟೋಗೆ ಬೇರೆ ಕಟ್ಟು ಹಾಕಿದೆ. ತೇಗದ ಪಟ್ಟಿ, ತೆಳು ಗಾಜು, ಹಿಂದೆ ಹೊಸ ರಟ್ಟು. ಮಗಳು ಅದನ್ನು ತನ್ನ ಮಂಚದ ಪಕ್ಕ ಇಟ್ಟುಕೊಂಡಿದ್ದಾಳೆ. ನನ್ನ ಜೊತೆ ಇನ್ನೂ ಸರಿಯಾಗಿ ಮಾತಿಲ್ಲ. "ಗಾಜು ಚೆನ್ನಾಗಿದೆ" ಎಂದಳು. ಅಷ್ಟಕ್ಕೇ ನನ್ನ ಕಣ್ಣು ತುಂಬಿತು. ಮುದಿ ಕಣ್ಣು, ಯಾವುದಕ್ಕೂ ಸೋರುತ್ತದೆ.

ಶನಿವಾರ ಹೋಗುವುದು ಎಂದಾಗಿದೆ. ಆಶ್ರಮಕ್ಕೆ ಅಳಿಯ ಫೋನು ಮಾಡಿ ಕೇಳಿದ್ದಾರೆ. ಗಂಡ ಹೆಂಡತಿ ನಾವೂ ಬರುತ್ತೇವೆ ಎಂದರೆ ಮೊಂಡಿ ಒಪ್ಪಲಿಲ್ಲ. ನಾನು, ಅವಳು, ಇಬ್ಬರೇ.

ಹೆಸರಿಗೆ ಇನ್ನೂ ಓಗೊಡುವುದಿಲ್ಲ.

ಡಿಸೆಂಬರ್ 2, ಶನಿವಾರ

ಬಸ್ಸಿನಲ್ಲಿ ಮೂರು ಗಂಟೆ ದಾರಿ. ಅವಳು ಕಿಟಕಿ ಪಕ್ಕ ಕೂತಳು. ನಾನು ಈ ತುದಿಗೆ ಕೂತೆ. ನಮ್ಮ ಮಧ್ಯೆ ಇನ್ನೊಬ್ಬರು ಕೂರುವಷ್ಟು ಜಾಗ ಇತ್ತು. ನಿಂತಿದ್ದ ಹೆಂಗಸೊಬ್ಬಳು ಯಾರಾದರೂ ಬರುತ್ತಾರಾ ಎಂದು ಕೇಳಿದಳು. ಇಲ್ಲ ಎನ್ನಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ಗೇಟು ಅದೇ. ಬಣ್ಣ ಮಾತ್ರ ಬದಲಾಗಿದೆ. ಆಗ ಹಸಿರು, ಈಗ ಕಂದು.

"ಅವತ್ತು ಎಲ್ಲಿ ನಿಂತಿದ್ದೆ?"

ತೋರಿಸಿದೆ. ಲೈಟು ಕಂಬದ ಪಕ್ಕ.

"ಅಲ್ಲೇ ನಿಂತಿರು. ನೀನು ಬರಬೇಡ" ಎಂದು ಒಬ್ಬಳೇ ಒಳಗೆ ಹೋದಳು. ಅಲ್ಲಿನ ಮುಖ್ಯಸ್ಥೆ ವರಾಂಡದಲ್ಲೇ ಕಾದಿದ್ದರು, ಕೈಹಿಡಿದು ಕರೆದುಕೊಂಡು ಹೋದರು. ಮುಕ್ಕಾಲು ಗಂಟೆ ಆಯಿತು. ಕೂರಲು ಕುರ್ಚಿ ಕೊಡುತ್ತೇನೆ ಎಂದ ಕಾವಲುಗಾರ. ಬೇಡ ಎಂದೆ.

ಬಾಗಿಲು ತೆರೆಯಿತು. ಅಂಗಳ ದಾಟಿ ಬಂದಳು. ಗೇಟಿನಿಂದ ಹೊರಗೆ ಒಂದು ಹೆಜ್ಜೆ ಇಟ್ಟು, ನನ್ನ ಮುಂದೆ ನಿಂತು ಮುಖ ಎತ್ತಿದಳು.

"ಈಗ ಹೇಳು" ಎಂದಳು.

ನನಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೂ ಆಗದವನ ಹಾಗೆ ನಟಿಸಿದೆ. "ಬಂದೆಯಾ? ನಡಿ, ಬಸ್ಸು ತಪ್ಪುತ್ತೆ" ಎಂದೆ.

"ಹಾಗಲ್ಲ" ಎಂದು ತಿರುಗಿ ಮತ್ತೆ ಒಳಗೆ ಹೋದಳು. ಬಾಗಿಲವರೆಗೆ ಹೋಗಿ ಮತ್ತೆ ಬಂದಳು. ಮತ್ತೆ ಅದೇ ಜಾಗ, ಅದೇ ಮುಖ.

"ನಮ್ಮ ಮಗು ಇದೇ" ಎಂದೆ. ದಾರಿಯುದ್ದಕ್ಕೂ ಅದನ್ನೇ ಹೇಳಬೇಕು ಎಂದುಕೊಂಡು ಬಂದಿದ್ದೆ.

"ಸುಳ್ಳು. ಅವತ್ತು ನಿಂಗೆ ನಾನು ಯಾರು ಅಂತ ಗೊತ್ತೇ ಇರಲಿಲ್ಲ."

ಮೂರನೇ ಸಲ ಹೋದಳು. ಕಾವಲುಗಾರ ಕತ್ತು ಚಾಚಿ ನೋಡುತ್ತಿದ್ದ. "ಏನಜ್ಜ, ಸಿನಿಮಾ ಶೂಟಿಂಗಾ?" ಎಂದ. ಬಾಯಿ ಮುಚ್ಚಯ್ಯ ಎಂದೆ.

ಈ ಸಲ ಅವಳು ತಡ ಮಾಡಿದಳು. ಬಾಗಿಲು ತೆರೆದೇ ಇತ್ತು, ಒಳಗೆ ಕತ್ತಲು. ನಾನು ಕಂಬಕ್ಕೆ ಕೈ ಕೊಟ್ಟು ನಿಂತೆ. ನಾನು ನೋಡುತ್ತಿದ್ದದ್ದು ಇಬ್ಬರನ್ನು. ಒಬ್ಬಳ ಎತ್ತರ ಗೊತ್ತು, ಇನ್ನೊಬ್ಬಳದು ಅದಕ್ಕಿಂತ ನಾಲ್ಕು ಬೆರಳು ಹೆಚ್ಚಿರಬೇಕು. ಬಾಗಿಲ ಕತ್ತಲನ್ನೇ ನೋಡಿದೆ. ಕಣ್ಣು ನೋಯುವವರೆಗೂ ನೋಡಿದೆ.

ಒಬ್ಬಳು ಬಂದಳು. ಅವಳ ಹಿಂದೆ ಯಾರೂ ಬರಲಿಲ್ಲ.

ಬಿಸಿಲಿಗೆ ಬಂದ ಮೇಲೆ ಸರಿಯಾಗಿ ನೋಡಿದೆ. ಎಡ ಹುಬ್ಬಿನಲ್ಲಿ ಸಣ್ಣ ಗೀರು. ಮುಂದಿನ ಹಲ್ಲು ಸ್ವಲ್ಪ ಉಬ್ಬು. ಕಿವಿ ಅಗಲ, ನಮ್ಮ ಕಡೆಯ ಯಾರಿಗೂ ಇಂಥ ಕಿವಿ ಇಲ್ಲ. ಈ ಮುಖವನ್ನು ಇಟ್ಟುಕೊಂಡು ಹುಟ್ಟಿದವಳು ಎಲ್ಲಿಂದಲೋ ಬಂದಿದ್ದಾಳೆ. ನನಗೆ ಗುರುತಿಲ್ಲ.

"ನಿನ್ನ ಹೆಸರೇನು?" ಎಂದೆ.

ರಸ್ತೆಯಲ್ಲಿ ಒಂದು ಲಾರಿ ಹೋಯಿತು, ಅದರ ಧೂಳು ಇಳಿಯುವವರೆಗೂ ನನ್ನ ಮುಖ ನೋಡುತ್ತಾ ನಿಂತಿದ್ದಳು. ನಾನೂ ಕಾದೆ.

ಆಮೇಲೆ ಹೇಳಿದಳು. ಅದೇ ಹೆಸರು. ಪೂರ್ತಿಯಾಗಿ, ಅಪ್ಪನ ಹೆಸರು ಸೇರಿಸಿ, ಸ್ಕೂಲಿನ ದಾಖಲೆಯಲ್ಲಿ ಇರುವ ಹಾಗೆ ಒಂದೊಂದಾಗಿ ಬಿಡಿಸಿ ಹೇಳಿದಳು.

"ನಿಮ್ಮದು?" ಎಂದಳು, ಬೀದಿಯಲ್ಲಿ ಸಿಕ್ಕ ಹಿರಿಯರನ್ನು ಕೇಳುವ ಹಾಗೆ.

ಹೇಳಿದೆ.